ಮದುವೆ ಕುದುರೆಗಳಿಗೆ ಅಶ್ವಾಧ್ಯಕ್ಷನ ವಹಿ

ಹಳೇ ಹುಬ್ಬಳ್ಳಿಯಲ್ಲಿ ನಮ್ಮದು ಮದುವೆ ಮೆರವಣಿಗೆಗೆ ಕುದುರೆ ಕೊಡುವ ಮನೆತನ. ಅಪ್ಪನ ಕಾಲದಲ್ಲಿ ಲೆಕ್ಕವೆಲ್ಲ ಬಾಯಲ್ಲೇ ಇತ್ತು. ಲಾಯ ನನ್ನ ಕೈಗೆ ಬಂದ ಮೇಲೆ ಒಂದು ವಹಿ ಇಟ್ಟೆ. ಅದರಲ್ಲಿ ಏನೇನು ಬರೆಯಬೇಕೆಂಬುದನ್ನು ತೆಗೆದುಕೊಂಡದ್ದು ಕೌಟಿಲ್ಯನ ಅರ್ಥಶಾಸ್ತ್ರದಿಂದ.

ಅರಸನ ಲಾಯದ ಮುಖ್ಯಸ್ಥನೆಂದರೆ ಭಾರೀ ಸವಾರನೆಂದು ಜನ ತಿಳಿಯುತ್ತಾರೆ. ಕೌಟಿಲ್ಯನ ಅಶ್ವಾಧ್ಯಕ್ಷ ಮೊದಲು ಲೆಕ್ಕಿಗ. ಕೊಂಡದ್ದು, ಯುದ್ಧದಲ್ಲಿ ಸಿಕ್ಕಿದ್ದು, ಲಾಯದಲ್ಲೇ ಹುಟ್ಟಿದ್ದು, ಒತ್ತೆಗೆ ಬಂದದ್ದು ಎಂದು ಪ್ರತಿ ಕುದುರೆಯ ಮೂಲ ಬರೆಯಬೇಕು. ಕುಲ, ವಯಸ್ಸು, ಬಣ್ಣ, ಗುರುತು ದಾಖಲಿಸಬೇಕು. ಊನವಾದದ್ದು, ರೋಗ ಬಿದ್ದದ್ದು ಇದ್ದರೆ ವರದಿ ಒಪ್ಪಿಸಬೇಕು. ಇವನಿಗೆ 4000 ಪಣ (ಅಂದಿನ ನಾಣ್ಯ) ಸಂಬಳ. ಕುದುರೆ ಪಳಗಿಸುವವನಿಗೆ 2000. ಒದೆ ತಿನ್ನುವವನಿಗಿಂತ ಬರೆಯುವವನಿಗೆ ಇಮ್ಮಡಿ, ಅಂದೂ ಅಷ್ಟೇ!

ನನ್ನ ವಹಿಯಲ್ಲಿ ಕುದುರೆಗೊಂದು ಪುಟ. ಹಣೆಯ ಬೊಟ್ಟು, ಸುಳಿ ಇರುವ ಜಾಗ, ಯಾವ ಕಾಲು ಬಿಳಿ, ಲಾಳ ಹೊಡೆಸಿದ ದಿನ ಎಲ್ಲವೂ ಅಲ್ಲಿವೆ. ವಯಸ್ಸನ್ನು ಮಾತ್ರ ಮಾರುವವನ ಬಾಯಿಂದ ಕೇಳಿ ಬರೆಯುವುದಿಲ್ಲ, ಕುದುರೆಯ ಬಾಯಿ ತೆರೆದು ಬರೆಯುತ್ತೇನೆ. ಕೆಳಗಿನ ಮುಂಬಲ್ಲುಗಳ ಮೇಲಿನ ಕಪ್ಪು ಕುಳಿಗಳು ಸವೆದು ಹೋಗಿದ್ದರೆ ಎಂಟರ ಆಸುಪಾಸು ಎಂದೇ ಲೆಕ್ಕ. ದಲ್ಲಾಳಿ ಐದೇ ವರ್ಷವೆಂದು ಆಣೆ ಮಾಡಿದರೂ ಸರಿ.

ಚಿಕಿತ್ಸೆಯ ದೋಷದಿಂದ ಕುದುರೆ ಸತ್ತರೆ ವೈದ್ಯ ಅದರ ಬೆಲೆಯನ್ನು ದಂಡವಾಗಿ ತೆರಬೇಕೆಂದೂ ಅರ್ಥಶಾಸ್ತ್ರದಲ್ಲಿದೆ. ಇದನ್ನು ಓದಿ ಹೇಳಿದಾಗ ನಮ್ಮ ಪಶುವೈದ್ಯರಿಗೆ ನಗು ಬರಲಿಲ್ಲ.

ಹೆಚ್ಚು ಉಪಯೋಗಕ್ಕೆ ಬಂದದ್ದು ಮೇವಿನ ಮಾತು. ಉತ್ತಮ ಕುದುರೆಗೆ ಎರಡು ದ್ರೋಣ ಧಾನ್ಯ, ಐದು ಪಲ ಉಪ್ಪು, ಐವತ್ತು ಪಲ ಮಾಂಸ ಎನ್ನುತ್ತಾನೆ ಕೌಟಿಲ್ಯ (ದ್ರೋಣ ಅಂದಿನ ಧಾನ್ಯದ ಅಳತೆ, ಪಲ ಅಂದಿನ ತೂಕ). ಮಾಂಸವನ್ನು ನಾನು ಕೈಬಿಟ್ಟೆ. ಋತುವಿಗೆ ತಕ್ಕಂತೆ ಆಹಾರ ಬದಲಿಸಬೇಕೆಂಬುದನ್ನು ಬಿಡಲಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಕುದುರೆ ಗೂಟದಲ್ಲೇ ನಿಂತಿರುತ್ತದೆ. ಆಗಲೂ ನೆನೆಸಿದ ಹುರಳಿಯನ್ನು ದುಡಿಮೆಯ ದಿನಗಳ ಅಳತೆಯಲ್ಲೇ ಹಾಕಿದರೆ ಹೊಟ್ಟೆಶೂಲೆ, ಗೊರಸಿನ ಬಾವು ಕಟ್ಟಿಟ್ಟದ್ದು. ಹಾಗಾಗಿ ಹುರಳಿ ತಗ್ಗಿಸಿ ಜೋಳದ ಕಣಿಕೆ, ಹಸಿಹುಲ್ಲು ಹೆಚ್ಚಿಸುತ್ತೇನೆ. ಬೆಳಗ್ಗೆ ಒಂದಿಷ್ಟು ದೂರ ನಡೆಸಿಕೊಂಡು ಬರುತ್ತೇನೆ. ತುಳಸಿ ಲಗ್ನ ಮುಗಿಯುತ್ತಲೇ ಮದುವೆಗಳು ಶುರುವಾಗುವುದರಿಂದ, ದೀಪಾವಳಿಯ ಹೊತ್ತಿಗೇ ಹುರಳಿಯನ್ನು ಹಿಡಿಹಿಡಿಯಾಗಿ ಏರಿಸುತ್ತ ಹೋಗುತ್ತೇನೆ.