ಉಂಗುರ ಬಿಗಿಯಾಗುತ್ತಿದ್ದ ದಿನಗಳ ಲೆಕ್ಕ

ಮುಟ್ಟಿಗೆ ಆರೇಳು ದಿನ ಮೊದಲು ಉಂಗುರ ಬಿಗಿಯಾಗುವುದು, ಸಂಜೆ ಕಾಲುಚೀಲ ಬಿಚ್ಚಿದಾಗ ಕಣಕಾಲಿನ ಸುತ್ತ ಆಳವಾದ ಗೆರೆ ಉಳಿದಿರುವುದು, ಬೆಳಿಗ್ಗೆ ಕಣ್ಣಿನ ರೆಪ್ಪೆಗಳು ಭಾರವಾಗಿರುವುದು ನನಗೆ ವರ್ಷಗಳಿಂದ ರೂಢಿಯಾಗಿಹೋಗಿತ್ತು. ಮೊದಲು ಅದನ್ನು ಬೊಜ್ಜೆಂದುಕೊಂಡು ಊಟ ಬಿಟ್ಟೆ. ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದು ತಿಳಿದ ಮೇಲೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ಊತ ಇಳಿಯಲಿಲ್ಲ, ತಲೆನೋವು ಮತ್ತು ಮಲಬದ್ಧತೆ ಮಾತ್ರ ಜೊತೆಯಾದವು.

ಕೊನೆಗೆ ವೈದ್ಯೆಯೊಬ್ಬರು ಮೂರು ಋತುಚಕ್ರಗಳ ಲೆಕ್ಕ ಬರೆದುಕೊಂಡು ಬರಲು ಹೇಳಿದರು. ದಿನವೂ ಬೆಳಿಗ್ಗೆ ಮೂತ್ರವಿಸರ್ಜನೆಯಾದ ನಂತರ, ಏನನ್ನೂ ತಿನ್ನುವ ಮೊದಲು ತೂಕ ನೋಡಿ, ಮುಟ್ಟಿನ ದಿನದಿಂದ ಎಣಿಸಿದ ದಿನದ ಸಂಖ್ಯೆಯ ಪಕ್ಕದಲ್ಲಿ ಬರೆಯುತ್ತಿದ್ದೆ. 22ನೇ ದಿನದ ಸುಮಾರಿಗೆ ಏರಲಾರಂಭಿಸಿದ ತೂಕ 1.2 ಕಿಲೋದಷ್ಟು ಹೆಚ್ಚಾಗಿ, ಮುಟ್ಟು ಶುರುವಾದ ಮೂರ್ನಾಲ್ಕು ದಿನಗಳಲ್ಲಿ ತಾನಾಗಿಯೇ ಇಳಿಯುತ್ತಿತ್ತು. ಹೀಗೆ ಬಂದುಹೋಗುವುದು ಕೊಬ್ಬಲ್ಲ ಎಂಬುದು ಆ ಪುಟ ನೋಡಿದಾಗಲೇ ನನಗೆ ಮನವರಿಕೆಯಾಯಿತು. ಅಂಡೋತ್ಪತ್ತಿಯ ನಂತರ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳ ಮಟ್ಟ ಬದಲಾಗುವಾಗ ಉಪ್ಪನ್ನು ಹಿಡಿದಿಡುವ ಆಲ್ಡೋಸ್ಟೆರಾನ್ ಎಂಬ ಹಾರ್ಮೋನು ಕೂಡ ಏರುತ್ತದೆ, ಉಪ್ಪು ನಿಂತಲ್ಲಿ ನೀರೂ ನಿಲ್ಲುತ್ತದೆ ಎಂದು ಅವರು ವಿವರಿಸಿದರು.

ಹಾಗಾಗಿ ನೀರನ್ನು ಬಿಟ್ಟು ಉಪ್ಪಿನ ಬೆನ್ನುಹತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅಡುಗೆಗೆ ನಾನು ಹಾಕುವುದು ಹೆಚ್ಚಿರಲಿಲ್ಲ. ಪೊಟ್ಟಣದ ತಿನಿಸುಗಳ ಹಿಂಬದಿಯಲ್ಲಿ ಬರೆದಿರುವ ಸೋಡಿಯಂ ಪ್ರಮಾಣವನ್ನು ಎರಡೂವರೆಯಿಂದ ಗುಣಿಸಿ ನೋಡಿದಾಗ ಗುಟ್ಟು ಬಯಲಾಯಿತು. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು! ಋತುಚಕ್ರದ ಕೊನೆಯ ಹತ್ತು ದಿನ ಅವುಗಳನ್ನು ಮನೆಗೆ ತರುವುದನ್ನೇ ನಿಲ್ಲಿಸಿದೆ. ಹೊಟ್ಟೆನೋವು ಬರುವ ಮೊದಲೇ ಮುನ್ನೆಚ್ಚರಿಕೆಯೆಂದು ನುಂಗುತ್ತಿದ್ದ ನೋವಿನ ಮಾತ್ರೆ ಐಬುಪ್ರೊಫೇನ್ ಕೂಡ ಮೂತ್ರಪಿಂಡಗಳು ಉಪ್ಪನ್ನು ಹಿಡಿದಿಡುವಂತೆ ಮಾಡಬಲ್ಲದೆಂದು ತಿಳಿದಾಗ ನಗು ಬಂತು. ನೋವಿಲ್ಲದ ದಿನ ಅದನ್ನು ಮುಟ್ಟುವುದನ್ನು ಬಿಟ್ಟೆ. ಕುಳಿತು ಮಾಡುವ ಕೆಲಸವಾದ್ದರಿಂದ ಗಂಟೆಗೊಮ್ಮೆ ಎದ್ದು ನಡೆಯುವುದು, ಸಂಜೆ ಕಾಲುಗಳನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗುವುದು ಕಣಕಾಲಿನ ಊತಕ್ಕೆ ಹೆಚ್ಚು ಸಹಾಯ ಮಾಡಿದವು.

ಇದರ ನಡುವೆ ಗೆಳತಿಯ ಬಳಿಯಿದ್ದ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಎರಡು ದಿನ ತೆಗೆದುಕೊಂಡದ್ದು ನನ್ನ ದಡ್ಡತನ. ತೂಕ ಇಳಿಯಿತು, ನಿಲ್ಲಿಸಿದೊಡನೆ ಮರಳಿತು. ಇಂಥ ಮಾತ್ರೆಗಳು ರಕ್ತದ ಪೊಟ್ಯಾಸಿಯಂ ಮಟ್ಟವನ್ನೇ ಏರುಪೇರು ಮಾಡಬಲ್ಲವು ಎಂದು ವೈದ್ಯೆ ಗದರಿದರು.

ಮೂರನೆಯ ಚಕ್ರದಲ್ಲಿ ಮಾತ್ರ ಲೆಕ್ಕ ತಪ್ಪಿತು. ಮುಟ್ಟು ಮುಗಿದರೂ ಮುಖದ ಊತ ಇಳಿಯಲಿಲ್ಲ, ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿದರೂ ನೀರಿನ ಊತದಲ್ಲಿ ಬೀಳುವಂಥ ಗುಳಿ ಬೀಳಲಿಲ್ಲ, ಬೇರೆಯವರಿಗಿಲ್ಲದ ಚಳಿ ನನಗೊಬ್ಬಳಿಗೆ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಗ್ರಂಥಿಯನ್ನು ಚುರುಕುಗೊಳಿಸುವ ಹಾರ್ಮೋನು ಟಿಎಸ್‌ಎಚ್ ಏರಿತ್ತು, ಥೈರಾಯ್ಡ್ ಮಂದವಾಗಿತ್ತು. ಮಾತ್ರೆ ಶುರುವಾಗಿ ಕೆಲವು ತಿಂಗಳಲ್ಲಿ ಮುಖ ಹಗುರವಾಯಿತು. ಒಂದೇ ಕಾಲು ಊದಿ ನೋವಾದರೆ, ಉಸಿರು ಕಟ್ಟಿದಂತಾದರೆ, ಗರ್ಭಿಣಿಯಾಗಿದ್ದಾಗ ಮುಖ, ಕೈಗಳು ಹಠಾತ್ತನೆ ಊದಿಕೊಂಡರೆ ಬರೆಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಬರಬೇಕೆಂದೂ ವೈದ್ಯೆ ಅಂದೇ ಹೇಳಿದ್ದರು.

ಮುಟ್ಟಿನ ಮೊದಲಿನ ಊತ ಪೂರ್ತಿ ಹೋಗಿಲ್ಲ. ಈಗ ಅರ್ಧ ಕಿಲೋದ ಆಸುಪಾಸಿನಲ್ಲಿ ನಿಲ್ಲುತ್ತದೆ. 22ನೇ ದಿನ ಉಂಗುರವನ್ನು ತೆಗೆದಿಡುತ್ತೇನೆ.