ಸೋಲಾರ್‌ಗೆ ಬ್ಯಾಟರಿ: ಮಳೆಗಾಲದ ಲೆಕ್ಕ ಹಾಕಿಯೇ ಕೊಳ್ಳಿ

ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬೀಳುವುದು ಶಿರಸಿ ಕಡೆ ಸುದ್ದಿಯೇ ಅಲ್ಲ. ಒಮ್ಮೆ ಹಾಗೆ ಬಿದ್ದ ಮರುದಿನ ಮಳೆ ಹೊಳವಾಗಿ ಒಳ್ಳೆ ಬಿಸಿಲು ಬಂತು. ಮಾಡಿನ ಮೇಲೆ 3 ಕಿಲೋವ್ಯಾಟ್ ಪ್ಯಾನೆಲ್ ಇದೆ, ಮನೆಯಲ್ಲಿ ಒಂದು ಬಲ್ಬೂ ಹತ್ತಲಿಲ್ಲ. ಇನ್ವರ್ಟರ್ ಕೆಟ್ಟಿತು ಅಂದುಕೊಂಡೆ. ಕೆಟ್ಟಿರಲಿಲ್ಲ. ಗ್ರಿಡ್‌ಗೆ, ಅಂದರೆ ಊರಿನ ಲೈನಿಗೆ, ಜೋಡಿಸಿದ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲಬೇಕು. ಇಲ್ಲವಾದರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮನೆಯ ಕರೆಂಟೇ ಹೊಡೆಯುತ್ತದೆ. ಹಾಕಿಕೊಟ್ಟವರು ಇದನ್ನು ಹೇಳಲೇ ಇಲ್ಲ.

ಹಾಗಾಗಿ ಕರೆಂಟಿಲ್ಲದಾಗಲೂ ಮನೆ ನಡೆಯಲು ಬ್ಯಾಟರಿ ಹಾಕುವುದಾದರೆ ಮೊದಲು ನೋಡಬೇಕಾದ್ದು ಇನ್ವರ್ಟರ್. ಪ್ಯಾನೆಲ್, ಲೈನು, ಬ್ಯಾಟರಿ ಮೂರನ್ನೂ ನಿಭಾಯಿಸುವ ಹೈಬ್ರಿಡ್ ಆಗಿದ್ದರೆ ಬ್ಯಾಟರಿ ನೇರ ಜೋಡಿಸಬಹುದು. ಅಲ್ಲವಾದರೆ ಅದನ್ನೇ ಬದಲಿಸಬೇಕು, ಅಥವಾ ಹಳೆಯದನ್ನು ಉಳಿಸಿಕೊಂಡು ಬ್ಯಾಟರಿಗೆ ಬೇರೆ ಇನ್ವರ್ಟರ್ ಹಾಕಬೇಕು. ಎರಡನೇ ದಾರಿಯಲ್ಲಿ ಒಂದು ಸೂಕ್ಷ್ಮವಿದೆ. ಲೈನಿನಲ್ಲಿ ಕರೆಂಟಿಲ್ಲದ ಹೊತ್ತಿನಲ್ಲಿ ಬ್ಯಾಟರಿ ತುಂಬಿದರೆ ಹೊಸ ಇನ್ವರ್ಟರ್ ಕರೆಂಟಿನ ಫ್ರೀಕ್ವೆನ್ಸಿ ಏರಿಸಿ ಹಳೆಯದಕ್ಕೆ ‘ಸಾಕು’ ಎನ್ನುತ್ತದೆ. ಹಳೆಯದಕ್ಕೆ ಆ ಮಾತು ಅರ್ಥವಾಗುತ್ತದಾ ಎಂದು ಮೊದಲೇ ಕೇಳಿ. ಲೈನಿಗೆ ಕೊಟ್ಟ ಕರೆಂಟನ್ನೂ ಲೆಕ್ಕ ಹಾಕುವ ನೆಟ್ ಮೀಟರ್ ಇದ್ದರೆ ಹೆಸ್ಕಾಂಗೂ ತಿಳಿಸಿ.

ಆಮೇಲೆ ಕಾಗದ ಪೆನ್ನು ಹಿಡಿದು ಕೂರಿ. ಕರೆಂಟಿಲ್ಲದ ದಿನಕ್ಕೆ ಏನೇನು ಬೇಕೇ ಬೇಕು? 9 ವ್ಯಾಟ್‌ನ 6 ಬಲ್ಬು 5 ಗಂಟೆ, 75 ವ್ಯಾಟ್‌ನ 2 ಫ್ಯಾನು 8 ಗಂಟೆ, ವೈಫೈ ಇಡೀ ದಿನ, ಫ್ರಿಜ್‌ಗೆ ಒಂದು ಯೂನಿಟ್. ಒಟ್ಟು ಸುಮಾರು 2.7 ಯೂನಿಟ್. ಇದರಲ್ಲಿ 1.2 ಫ್ಯಾನಿನದ್ದೇ! ಕಡಿಮೆ ಕರೆಂಟ್ ತಿನ್ನುವ, 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಲೆಕ್ಕ 2 ಯೂನಿಟ್‌ಗೆ ಇಳಿಯುತ್ತದೆ. ಬ್ಯಾಟರಿಗಿಂತ ಮುಂಚೆ ಫ್ಯಾನ್ ಬದಲಿಸಿ ಅನ್ನುವುದು ಇದಕ್ಕೇ. ಬಾವಿ ಪಂಪನ್ನು ಪಟ್ಟಿಗೆ ಸೇರಿಸಬೇಡಿ. ಶುರುವಾಗುವ ಕ್ಷಣದಲ್ಲಿ ಅದು ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಕರೆಂಟ್ ಇದ್ದಾಗಲೇ ಟ್ಯಾಂಕ್ ತುಂಬಿಸಿಕೊಂಡರಾಯಿತು.

150 ಆಂಪಿಯರ್ ಅವರ್‌ನ 12 ವೋಲ್ಟ್ ಟ್ಯೂಬುಲರ್ (ಸೀಸ-ಆಮ್ಲದ) ಬ್ಯಾಟರಿಯಲ್ಲಿ 1.8 ಯೂನಿಟ್ ಇದ್ದರೂ ಅರ್ಧ ಮಾತ್ರ ಬಳಸುವುದು ಒಳ್ಳೆಯದು. 51.2 ವೋಲ್ಟ್, 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ 5.12 ಯೂನಿಟ್, ಪೂರ್ತಿ ಖಾಲಿ ಮಾಡದೆ, ಇನ್ವರ್ಟರ್ ನಷ್ಟವನ್ನೂ ಕಳೆದರೆ ಸುಮಾರು 4 ಯೂನಿಟ್ ಕೈಗೆ ಸಿಗುತ್ತದೆ. ಅಂದರೆ ಮೇಲಿನ ಪಟ್ಟಿಗೆ, ಫ್ಯಾನ್ ಬದಲಿಸಿದ್ದರೆ, ಎರಡು ದಿನ. ದುಬಾರಿಯಾದರೂ ನನ್ನ ಓಟು ಲಿಥಿಯಂಗೇ. ಅದರ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ನಿಮ್ಮ ಇನ್ವರ್ಟರ್ ಜೊತೆ ಮಾತಾಡುತ್ತದೆ ಎಂಬುದನ್ನು ಮಾತ್ರ ಬರೆಸಿಕೊಳ್ಳಿ.

12 ವೋಲ್ಟ್‌ನಲ್ಲಿ 3 ಕಿಲೋವ್ಯಾಟ್ ಎಳೆದರೆ ವೈರಿನಲ್ಲಿ 250 ಆಂಪಿಯರ್ ಹರಿಯುತ್ತದೆ, 48 ವೋಲ್ಟ್‌ನಲ್ಲಿ 63 ಅಷ್ಟೇ. ದೊಡ್ಡ ವೋಲ್ಟೇಜಿನ ಬ್ಯಾಟರಿ ಒಳ್ಳೆಯದು ಅನ್ನುವುದು ಅದಕ್ಕೇ. ಬ್ಯಾಟರಿ ಪಕ್ಕದಲ್ಲೇ ಡಿಸಿ ಫ್ಯೂಸ್ ಇರಲಿ. ಎಸಿ ಬ್ರೇಕರ್ ಇಲ್ಲಿ ನಡೆಯುವುದಿಲ್ಲ, ಡಿಸಿಯ ಕಿಡಿ ಸುಲಭಕ್ಕೆ ಆರುವುದಿಲ್ಲ.

ಜಾಗದ ವಿಷಯ. ಬಚ್ಚಲ ಒಲೆಯ ಗೋಡೆಯಾಚೆ ಬೇಡ, ಬಿಸಿ ಜಾಸ್ತಿ. ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ತಾಮ್ರದ ಟರ್ಮಿನಲ್ ಹಸಿರಾಗುತ್ತದೆ. ವೈರಿನ ತುದಿಗೆ ತವರ ಲೇಪದ ಲಗ್ಗು (ಟರ್ಮಿನಲ್‌ಗೆ ಬಿಗಿಯುವ ಬಳೆ) ಹಾಕಿಸಿ. ವೈರ್ ತೂರಿಸಿದ ತೂತನ್ನೂ ಮುಚ್ಚಿಸಿ. ನಮ್ಮ ಇನ್ವರ್ಟರ್ ಒಮ್ಮೆ ನಿಂತಾಗ ಬಿಚ್ಚಿ ನೋಡಿದರೆ, ಬೋರ್ಡಿನ ಮೇಲೆ ಒಂದು ಹಲ್ಲಿ ಸುಟ್ಟು ಕರಕಲಾಗಿ ಅಂಟಿತ್ತು.

ಸಿಡಿಲಿಗೆ ಪ್ಯಾನೆಲ್ ಕಡೆಗೂ ಲೈನ್ ಕಡೆಗೂ, ದಿಢೀರ್ ಏರುವ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸರ್ಜ್ ಪ್ರೊಟೆಕ್ಟರ್ ಬೇಕು. ಜಂಬಿಟ್ಟಿಗೆ ನೆಲದ ಅರ್ತಿಂಗ್ ಗುಂಡಿ ಮೇ ತಿಂಗಳಲ್ಲಿ ಒಣಗಿರುತ್ತದೆ, ಸಿಡಿಲು ಬರುವುದೂ ಆಗಲೇ. ನೀರು ಹಾಕುತ್ತಿರಿ.

ಕೊನೆಯದು ಸೆಟ್ಟಿಂಗ್. ದಟ್ಟ ಮೋಡದ ದಿನ ಪ್ಯಾನೆಲ್ ಕೊಡುವುದು ಕಾಲುಭಾಗಕ್ಕಿಂತಲೂ ಕಡಿಮೆಯಾಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ರಿಡ್‌ನಿಂದಲೂ ಬ್ಯಾಟರಿ ತುಂಬುವಂತೆ ಇಡಿ, ಬೇಸಿಗೆಯಲ್ಲಿ ತೆಗೆಯಿರಿ. ಮಳೆ ಹಿಡಿಯುವ ಮೊದಲು ಒಂದು ಸಂಜೆ ಮೇನ್ ಸ್ವಿಚ್ ಆಫ್ ಮಾಡಿ ಸುಮ್ನೆ ಕೂತು ನೋಡಿ. ನಾವು ಹಾಗೆ ಮಾಡಿದಾಗ ಫ್ರಿಜ್ ಓಡಿತು, ಫ್ಯಾನ್ ತಿರುಗಿತು, ವೈಫೈ ಸತ್ತಿತು. ರೂಟರ್‌ನ ಪ್ಲಗ್ ಬೇರೆ ಸರ್ಕ್ಯೂಟಿನಲ್ಲಿತ್ತು.