ಕನ್ನಡಿ ಹಿಡಿದು ಓದಿದ ಸೈನಿಕನ ಕಲ್ಲು

ಅಕ್ಷರ ಸವೆದ ಸೈನಿಕನ ಸಮಾಧಿ ಕಲ್ಲು ಓದುವ ಕೆಲಸ ಕೊನೆಗೂ ಆಗಿದ್ದು ಬಾಗಿಲ ಹಿಂದೆ ನೇತುಹಾಕುವ ಉದ್ದ ಕನ್ನಡಿಯಿಂದ. ಬೆಲೆ ಸುಮಾರು 15 ಡಾಲರ್. "ಸ್ಮಶಾನಕ್ಕೆ ಕನ್ನಡಿ ಯಾಕೆ, ತಲೆ ಬಾಚ್ಕೊಳ್ಳೋಕಾ?" ಅಂತ ನಕ್ಕವರೇ ಈಗ ಫೋಟೋ ಕೇಳುತ್ತಿದ್ದಾರೆ.

ಊರು ನ್ಯೂಯಾರ್ಕ್ ರಾಜ್ಯದ ವಾಟರ್‌ಲೂ. ಅಮೆರಿಕದ ಅಂತರ್ಯುದ್ಧ ಮುಗಿದ ಮರುವರ್ಷ, 1866ರ ಮೇ 5ರಂದು, ಇಡೀ ಊರು ಅಂಗಡಿ ಮುಚ್ಚಿ, ಬಾವುಟ ಅರ್ಧಕ್ಕಿಳಿಸಿ, ಸತ್ತ ಸೈನಿಕರಿಗೆ ಗೌರವ ಸಲ್ಲಿಸಲು ವಾದ್ಯದ ಜೊತೆ ಮೂರು ಸ್ಮಶಾನಗಳಿಗೆ ಮೆರವಣಿಗೆ ಹೋಯಿತು ಅಂತ ಅಲ್ಲಿಯವರು ಹೇಳುತ್ತಾರೆ. ಮಾತು ಎತ್ತಿದ್ದು ಔಷಧಿ ಅಂಗಡಿಯ ಹೆನ್ರಿ ವೆಲ್ಸ್, ನಡೆಸಿಕೊಟ್ಟಿದ್ದು ಜನರಲ್ ಜಾನ್ ಮರ್ರೆ. 1868ರಲ್ಲಿ ಮಾಜಿ ಸೈನಿಕರ ಸಂಘದ ಮುಖ್ಯಸ್ಥ ಜಾನ್ ಲೋಗನ್ ಈ ಆಚರಣೆಗೆ ಮೇ 30 ಅಂತ ದಿನ ಗೊತ್ತುಮಾಡಿದ. 1966ರಲ್ಲಿ ಸರ್ಕಾರ ವಾಟರ್‌ಲೂವನ್ನೇ ಮೆಮೋರಿಯಲ್ ಡೇಯ, ಅಂದರೆ ಮಡಿದ ಸೈನಿಕರನ್ನು ನೆನೆಯುವ ಈ ದಿನದ, ತವರು ಎಂದಿತು. ಬೇರೆ ಊರುಗಳು ಇನ್ನೂ ಜಗಳ ಆಡುತ್ತಿವೆ. ಆಡಲಿ.

ನನಗೆ ಬೇಕಿದ್ದದ್ದು ಕಲ್ಲು. 1879ರ ಕಾನೂನಿನಿಂದ ಊರ ಸ್ಮಶಾನದಲ್ಲಿ ಮಲಗಿದ ಸೈನಿಕರಿಗೂ ಸರ್ಕಾರಿ ಅಮೃತಶಿಲೆ ಕಲ್ಲು ಸಿಕ್ಕಿತು. ಮೇಲೆ ಗುಳಿ ತೋಡಿದ ಗುರಾಣಿ, ಅದರೊಳಗೆ ಉಬ್ಬಕ್ಷರ. ಮಳೆಗೆ ಮೊದಲು ಸವೆಯುವುದೂ ಆ ಉಬ್ಬಕ್ಷರವೇ. ಹೆಸರು ಅಳಿಸಿದರೆ ಮೇ ತಿಂಗಳಲ್ಲಿ ಬಾವುಟ ನೆಡುವವರಿಗೆ ಆ ಸಮಾಧಿ ಲೆಕ್ಕಕ್ಕೇ ಸಿಗಲ್ಲ.

ದಂಡ ತೆತ್ತಿದ್ದು ಕಮ್ಮಿ ಏನಲ್ಲ. ಫ್ಲ್ಯಾಶ್, ಸ್ಟ್ಯಾಂಡ್, ರಿಮೋಟ್ ಸೇರಿ 200 ಡಾಲರ್ ಹತ್ತಿರ. ಹಗಲಲ್ಲಿ ಫ್ಲ್ಯಾಶ್ ಮಂಕು, ರಾತ್ರಿ ಗೇಟಿಗೆ ಬೀಗ. ನಮ್ಮ ಕಡೆ ರಾತ್ರಿ ಟಾರ್ಚ್ ಓರೆ ಹಿಡಿದು ವೀರಗಲ್ಲು ಓದಿ ಅಭ್ಯಾಸವಾದವನಿಗೆ ಆ ಬೀಗವೇ ದೊಡ್ಡ ತಲೆನೋವು. ಪಾಚಿ ತೆಗೆಯುವ ದ್ರಾವಣ ಗ್ಯಾಲನ್ನಿಗೆ 50 ಡಾಲರ್ ಆಸುಪಾಸು. ಪಾಚಿ ಹೋಯಿತು, ಅಕ್ಷರ ಬರಲಿಲ್ಲ. ಮೈದಾ ಬಳಿ, ಶೇವಿಂಗ್ ಕ್ರೀಮ್ ಹಚ್ಚು ಅಂದವರೂ ಇದ್ದರು. ಕಲ್ಲು ಹಾಳಾಗುತ್ತೆ, ಆ ತಂಟೆಗೆ ಹೋಗಲಿಲ್ಲ.

ಈ ಕಲ್ಲಿನ ಮುಖ ಪೂರ್ವಕ್ಕೆ. ಮಧ್ಯಾಹ್ನ ಕಳೆದು ಮುಖ ನೆರಳಿಗೆ ಬಂದ ಮೇಲೆ ಕನ್ನಡಿಯನ್ನು ಪಕ್ಕದ ಬಿಸಿಲಲ್ಲಿ ನಿಲ್ಲಿಸಿ, ಬೆಳಕು ಕಲ್ಲನ್ನು ಸವರಿಕೊಂಡು ಹೋಗುವ ಹಾಗೆ ಬಿಟ್ಟೆ. ಓರೆ ಬೆಳಕಲ್ಲಿ ಸವೆದ ಅಕ್ಷರಕ್ಕೂ ನೆರಳು ಮೂಡುತ್ತೆ. ದಳದ ಸಂಖ್ಯೆಯಲ್ಲಿ 1 ಮತ್ತು 8 ಬರಿಗಣ್ಣಿಗೂ ಕಾಣುತ್ತಿತ್ತು. ನಡುವಿನದಷ್ಟೇ ತಕರಾರು. ಹಳೆ ಪಟ್ಟಿಯಲ್ಲಿ ಯಾರೋ 128 ಅಂತ ಬರೆದಿದ್ದರು. 128ನೇ ನ್ಯೂಯಾರ್ಕ್ ಪದಾತಿ ದಳ ದೂರದ ಹಡ್ಸನ್ ನದಿ ಕಡೆಯದು, ಇಲ್ಲಿಗೆ ಹೇಗೆ ಬಂತು? ಕನ್ನಡಿ ಇನ್ನೊಂಚೂರು ವಾಲಿಸಿದೆ. ಒಂದು ಓರೆ ಗೀರು, ಅದನ್ನು ದಾಟಿ ನಿಂತ ಒಂದು ನೆಟ್ಟ ಗೀರು. 4! 148ನೇ ದಳ 1862ರಲ್ಲಿ ಪಕ್ಕದ ಊರು ಜಿನೀವಾದಲ್ಲೇ ಕಟ್ಟಿದ್ದು, ವಾಟರ್‌ಲೂ ಇರುವ ಸೆನೆಕಾ ಕೌಂಟಿಯ ಹುಡುಗರೂ ಅದರಲ್ಲಿದ್ದರು. ಆ ದಳದ ಪಟ್ಟಿ ಹಿಡಿದು ಕೂತರೆ ಹೆಸರು ಅದೇ ಸಂಜೆ ಸಿಕ್ಕಿತು. ವರ್ಷಗಟ್ಟಲೆ ಯಾರ ಕೈಗೂ ಸಿಗದ್ದು, ಅಲ್ವಾ! ಕನ್ನಡಿಯ ಅಂಚಿಗೆ ಏನು ಅಂಟಿಸಿದ್ದೆ ಅನ್ನೋದು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಸುಮ್ನೆ ಸತುವಿನ ಸ್ಮಾರಕಗಳ ಮೇಲೂ ಪ್ರಯೋಗ ಮಾಡಿದೆ. ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್‌ನ ಮಾನ್ಯುಮೆಂಟಲ್ ಬ್ರಾಂಜ್ ಕಂಪನಿ 'ಬಿಳಿ ಕಂಚು' ಅಂತ ಮಾರುತ್ತಿದ್ದ ಮಾಲು. ತಟ್ಟಿದರೆ ಒಳಗೆ ಟೊಳ್ಳು, ಆದರೆ ಅಕ್ಷರ ನಿನ್ನೆ ಮೊನ್ನೆ ಎರಕ ಹೊಯ್ದ ಹಾಗಿದೆ. ಅದಕ್ಕೆ ಕನ್ನಡಿಯೇ ಬೇಡ.

ಉತ್ತರಕ್ಕೆ ಮುಖ ಮಾಡಿದ ಕಲ್ಲುಗಳು ಇನ್ನೂ ಬಾಕಿ. ಅವಕ್ಕೆ ಎರಡು ಕನ್ನಡಿ ಬೇಕು, ಹಿಡಿಯೋಕೆ ಇನ್ನೊಬ್ಬರು ಬೇಕು. ಮಗಳು ಗಂಟೆಗೆ 10 ಡಾಲರ್ ಕೇಳಿದ್ದಾಳೆ. ಚೌಕಾಸಿ ನಡೀತಾ ಇದೆ.